ಬೀಳುಬಿದ್ದ ಗದ್ದೆ, ಮರೆತುಹೋದ ಹೆಸರು

(ಬಳಗದ ಮಳೆಗಾಲಪೂರ್ವ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹದಿನೈದು ವರ್ಷಗಳಿಂದ ಬೀಳುಬಿದ್ದಿರುವ ಎರಡು ಎಕರೆ ಗದ್ದೆಯನ್ನು ಬಳಗದ ಕೆಲಸಕ್ಕೆ ಬಿಟ್ಟುಕೊಡಲು ಅದರ ಒಡೆಯರು ಒಪ್ಪಿದ್ದಾರೆ. ಅದರಲ್ಲಿ ಈ ಮಳೆಗಾಲ ಯಾವ ಯಾವ ನಾಡಗಿಡಗಳನ್ನು ನೆಡಬೇಕು ಎಂಬುದರ ಪಟ್ಟಿಯನ್ನು ಸಿದ್ಧಪಡಿಸಿ ತರುವಂತೆ ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಿದ್ದರು. ನಾನು ಪಟ್ಟಿಯನ್ನು ತಂದಿಲ್ಲ. ಏಕೆ ತಂದಿಲ್ಲ ಎಂಬುದನ್ನು ವಿವರಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ನಮ್ಮ ಮನೆಯ ಒಂದೂವರೆ ಎಕರೆ ಗದ್ದೆಯ ಬೇಸಾಯವನ್ನು ಕೈಬಿಟ್ಟೆವು. ಕಾರಣಗಳು ನಿಮಗೆಲ್ಲ ತಿಳಿದವೇ: ಆಳಿನ ಕೊರತೆ, ಹಂದಿಯ ಕಾಟ, ಭತ್ತಕ್ಕೆ ಬಾರದ ಬೆಲೆ. ಆ ನೆಲವನ್ನು ಕಾಡಿಗೆ ಮರಳಿಸಬೇಕೆಂಬ ಉತ್ಸಾಹದಲ್ಲಿ ನಾನು ಹೊನ್ನೆ, ನಂದಿ, ಬೀಟೆ, ಹಲಸಿನ ಸಸಿಗಳನ್ನು ತರಿಸಿ, ಗುಂಡಿ ತೋಡಿಸಿ, ಜೂನ್ ತಿಂಗಳಿನಲ್ಲಿ ನೆಡಿಸಿದೆ. ಆಗಸ್ಟ್ ಹೊತ್ತಿಗೆ ಬಹುಪಾಲು ಸಸಿಗಳು ಬೇರು ಕೊಳೆತು ಸತ್ತಿದ್ದವು. ತಲೆಮಾರುಗಳಿಂದ ಕೆಸರು ತುಳಿದು ಉತ್ತ ಗದ್ದೆಯಲ್ಲಿ ಮೇಲ್ಮಣ್ಣಿನ ಕೆಳಗೆ ನೀರಿಳಿಯದ ಗಟ್ಟಿ ಪದರವೊಂದು ಬೆಳೆದಿರುತ್ತದೆ. ಇದು ಕೃಷಿ ಪದವಿಯ ಮೊದಲ ವರ್ಷದ ಪಾಠ. ಡಾಕ್ಟರೇಟ್ ಪಡೆದ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಗದ್ದೆಯಲ್ಲಿ ನಲವತ್ತು ವರ್ಷ ನಟ್ಟಿ ಮಾಡಿದ್ದ ಹಸಲರ ಹಿರಿಯಮ್ಮ ಒಬ್ಬರು ಕೆಳಗಿನ ಕೇರಿಯಲ್ಲಿದ್ದರು. ಸತ್ತ ಸಸಿಗಳನ್ನು ಕಿತ್ತೆಸೆಯುತ್ತಿದ್ದ ನನ್ನನ್ನು ನೋಡಿ ಅವರು ಹೇಳಿದರು: "ಸಣ್ಣಯ್ಯಾ, ಅದು ಒರತೆ ಗದ್ದೆ. ಮೂಲೇಲಿ ಬಜೆ ತಾನಾಗೇ ಬರ್ತಿತ್ತು. ಅಂಚಿಗೆ ಮುಂಡಿಗೆ ಇತ್ತು. ಹೊಳೆಮತ್ತಿ ಇಟ್ಟಿದ್ರೆ ಬದುಕ್ತಿತ್ತು. ನನ್ನ ಒಂದು ಮಾತು ಕೇಳಬೌದಿತ್ತಲ್ಲ."

ಮರುವರ್ಷ ಅವರು ಹೇಳಿದಂತೆಯೇ ಮಾಡಿದೆ. ಒರತೆಯ ಸುತ್ತ ಬಜೆ ಮತ್ತು ಕೆಸು, ಅಂಚಿಗೆ ಮುಂಡಿಗೆ, ಹಳ್ಳದ ಬದಿಗೆ ಹೊಳೆಮತ್ತಿ ಮತ್ತು ಹೊಂಗೆ. ಅವು ಇಂದಿಗೂ ಇವೆ. ಆದರೆ ಆ ಹಿರಿಯಮ್ಮ ಇಂದು ಇಲ್ಲ. ಏಳನೆಯ ತರಗತಿಯಲ್ಲಿದ್ದ ಅವರ ಮೊಮ್ಮಗಳಿಗೆ ದ್ಯುತಿಸಂಶ್ಲೇಷಣೆ ಎಂದರೇನೆಂದು ಗೊತ್ತಿತ್ತು. ಮುಂಡಿಗೆ ಯಾವುದು, ಬಜೆ ಯಾವುದು ಎಂದು ಗೊತ್ತಿರಲಿಲ್ಲ. ಅಜ್ಜಿಗೆ ತಿಳಿದಿದ್ದರಲ್ಲಿ ನನ್ನ ಟಿಪ್ಪಣಿ ಪುಸ್ತಕದ ಮೂರು ಪುಟಗಳಷ್ಟು ಮಾತ್ರ ಉಳಿದಿದೆ. ಸಸಿಗಳು ಸತ್ತದ್ದಕ್ಕಿಂತ ದೊಡ್ಡ ನಷ್ಟ ಇದೆಂದು ನನಗೆ ಅರಿವಾಗಲು ಇನ್ನೂ ಕೆಲವು ವರ್ಷಗಳು ಬೇಕಾದವು.

ಆ ಅರಿವಿಗೆ ಕಾರಣವಾದದ್ದು ನಮ್ಮ ಹಿತ್ತಿಲಿನ ಕೆಸು. ಕೆಸುವಿನ ತಳಿಗಳ ಬಗ್ಗೆ ಓದುತ್ತಾ ಹೋದವನಿಗೆ ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳ ಕಥೆ ಎದುರಾಯಿತು. ನಾನು ಆ ದ್ವೀಪಗಳನ್ನು ಕಂಡವನಲ್ಲ. ಆದರೆ ಬೀಳುಬಿದ್ದ ಹೊಲಗದ್ದೆಗಳನ್ನು ಮರಳಿ ಜೀವಂತಗೊಳಿಸುವ ಕೆಲಸವನ್ನೂ, ನೆಲದ ಮೂಲನಿವಾಸಿಗಳ ಅರಿವನ್ನು ಮಕ್ಕಳಿಗೆ ಕಲಿಸುವ ಕೆಲಸವನ್ನೂ ಒಂದೇ ಕೆಲಸವೆಂದು ಬಗೆದು ನಡೆಸುತ್ತಿರುವವರು ಅಲ್ಲಿದ್ದಾರೆ. ಆದ್ದರಿಂದ ಅವರ ಅನುಭವವನ್ನು ತುಸು ವಿವರವಾಗಿ ನಿಮ್ಮ ಮುಂದಿಡುತ್ತೇನೆ.

ದೋಣಿಯಲ್ಲಿ ಬಂದ ಗಿಡಗಳು

ಹವಾಯಿಯ ಪೂರ್ವಜರು ದೋಣಿಗಳಲ್ಲಿ ಸಾವಿರಾರು ಮೈಲಿ ಸಾಗರವನ್ನು ದಾಟಿ ಬಂದ ಪಾಲಿನೇಷ್ಯದ ಜನ. ಬರುವಾಗ ಅವರು ಹೊತ್ತುತಂದ ಗಿಡಗಳಲ್ಲಿ ಕೆಸು, ಬಾಳೆ, ತೆಂಗು, ಕಬ್ಬು, ಅರಿಶಿನ ಇದ್ದವು. ನಮ್ಮ ಯಾವ ಮನೆಯ ಹಿತ್ತಿಲಿಗೂ ಈ ಪಟ್ಟಿ ಒಪ್ಪುತ್ತದೆ! ಕೆಸುವಿಗೆ ಅವರ ಹೆಸರು ಕಾಲೋ. ನಾವು ಮಳೆಗಾಲದಲ್ಲಿ ಕೆಸುವಿನ ಎಲೆಯಿಂದ ಪತ್ರೊಡೆ ಮಾಡಿದರೆ, ಅವರು ಗೆಡ್ಡೆಯನ್ನು ಬೇಯಿಸಿ ಜಜ್ಜಿ ಪೋಯಿ ಎಂಬ ಹಿಟ್ಟನ್ನು ಮಾಡಿ ಉಣ್ಣುತ್ತಾರೆ. ಅದೇ ಅವರ ಅನ್ನ. ಹೊಳೆಯ ನೀರನ್ನು ಕಾಲುವೆಯಲ್ಲಿ ತಿರುಗಿಸಿ, ಮೆಟ್ಟಿಲು ಮೆಟ್ಟಿಲಾದ ಗದ್ದೆಗಳಲ್ಲಿ ಹರಿಸಿ, ಮತ್ತೆ ಹೊಳೆಗೇ ಬಿಡುವ ಅವರ ಕೆಸುವಿನ ಗದ್ದೆಗೆ ಲೋಇ ಎಂದು ಹೆಸರು. ಬೆಟ್ಟದ ನೆತ್ತಿಯಿಂದ ಕಡಲಿನವರೆಗಿನ ಒಂದು ಸೀಳು ನೆಲವನ್ನು ಅವರು ಅಹುಪುಆಅ ಎಂದು ಕರೆಯುತ್ತಾರೆ. ಕಾಡು, ಗದ್ದೆ, ಊರು, ಮೀನು ಎಲ್ಲವೂ ಆ ಒಂದೇ ಘಟಕದ ಭಾಗಗಳು. ಬೆಟ್ಟ, ತೋಟ, ಗದ್ದೆ, ಹಳ್ಳ ಎಂದು ಸಾಲಾಗಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವರ ಪುರಾಣದಲ್ಲಿ ಆಕಾಶಪಿತನ ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿತು. ಅದನ್ನು ಹೂಳಿದ ಜಾಗದಲ್ಲಿ ಮೊದಲ ಕೆಸು ಮೊಳೆಯಿತು. ಎರಡನೆಯದಾಗಿ ಹುಟ್ಟಿದ ಹಾಲೋಆ ಮನುಷ್ಯಕುಲದ ಮೂಲಪುರುಷ. ಹೀಗಾಗಿ ಕೆಸು ಅವರಿಗೆ ಬೆಳೆಯಲ್ಲ, ಅಣ್ಣ. ಅಣ್ಣ ಉಣ್ಣಿಸುತ್ತಾನೆ, ತಮ್ಮ ಅಣ್ಣನನ್ನು ನೋಡಿಕೊಳ್ಳುತ್ತಾನೆ. ಕುಟುಂಬಕ್ಕೆ ಅವರ ಮಾತು ಓಹಾನ. ಅದು ತಾಯಿಗೆಡ್ಡೆಯ ಸುತ್ತ ಒಡೆಯುವ ಮರಿಗೆಡ್ಡೆಯ ಹೆಸರಿನಿಂದ ಬಂದದ್ದು. ನೆಲಕ್ಕೆ ಅವರ ಮಾತು ಆಯಿನಾ, ಎಂದರೆ ಉಣ್ಣಿಸುವುದು.

ಕಬ್ಬು ಬಂತು, ಕಬ್ಬು ಹೋಯಿತು

1835ರಲ್ಲಿ ಕೌಆಯಿ ದ್ವೀಪದ ಕೊಲೋವಾದಲ್ಲಿ ದೊಡ್ಡ ಪ್ರಮಾಣದ ಕಬ್ಬಿನ ತೋಟ ಆರಂಭವಾಯಿತು. ಅಲ್ಲಿಂದ ಮುಂದಿನ ನೂರು ವರ್ಷಗಳಲ್ಲಿ ಹೊಳೆಗಳ ನೀರು ಕಾಲುವೆ, ಸುರಂಗಗಳ ಮೂಲಕ ಕಬ್ಬಿನ ಪಾಲಾಯಿತು. ಕೆಸುವಿನ ಗದ್ದೆಗಳು ಒಣಗಿದವು. 1893ರಲ್ಲಿ ಅಲ್ಲಿನ ರಾಣಿಯ ಆಳ್ವಿಕೆಯನ್ನು ಕಿತ್ತೊಗೆಯಲಾಯಿತು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನ ಮಾಧ್ಯಮವಾಗಿಸಿತು. ನೀರು, ನೆಲ, ನುಡಿ ಮೂರೂ ಹೀಗೆ ಒಂದರ ಹಿಂದೆ ಒಂದು ಕೈತಪ್ಪಿದವು.

ಮುಂದೆ ಕಬ್ಬೂ ಹೋಯಿತು. ಮಾವುಯಿ ದ್ವೀಪದ ಲಹೈನಾ ಊರಿನ ಸಕ್ಕರೆ ಕಾರ್ಖಾನೆ 1999ರಲ್ಲಿ ಮುಚ್ಚಿತು. 2016ರಲ್ಲಿ ಹವಾಯಿಯ ಕಟ್ಟಕಡೆಯ ಕಬ್ಬಿನ ತೋಟವೂ ಬಾಗಿಲು ಹಾಕಿತು. ಕೈಬಿಟ್ಟ ಹೊಲಗಳನ್ನು ಹೊರನಾಡಿನ ಮೇವಿನ ಹುಲ್ಲುಗಳು ಆಕ್ರಮಿಸಿದವು. 2023ರ ಆಗಸ್ಟ್ 8ರಂದು ಬಿರುಗಾಳಿಯ ನಡುವೆ ಹೊತ್ತಿಕೊಂಡ ಬೆಂಕಿಗೆ ಲಹೈನಾದ ಅಂಚಿನ ಆ ಒಣಹುಲ್ಲು ಉರುವಲಾಯಿತು. ನೂರಕ್ಕೂ ಹೆಚ್ಚು ಜನ ಸತ್ತರು. "ಬಿಟ್ಟುಬಿಡಿ, ಪ್ರಕೃತಿಯೇ ಸರಿಮಾಡಿಕೊಳ್ಳುತ್ತದೆ" ಎಂಬ ಮಾತನ್ನು ನಮ್ಮ ಸಭೆಗಳಲ್ಲಿಯೂ ಕೇಳಿದ್ದೇನೆ. ಕಾಡಿನ ಮಗ್ಗುಲಲ್ಲಿದ್ದು ಬೀಜದ ಮೂಲ ಹತ್ತಿರವಿರುವ ಕಡೆ ಅದು ನಿಜವಾಗಬಹುದು. ಆದರೆ ಮನುಷ್ಯ ಒಮ್ಮೆ ಬುಡಮೇಲು ಮಾಡಿದ ನೆಲ ತನ್ನಷ್ಟಕ್ಕೆ ಹಿಂದಿನ ಸ್ಥಿತಿಗೆ ಹೋಗುತ್ತದೆಂಬ ಭರವಸೆಯಿಲ್ಲ. ಮೊದಲು ಬಂದು ನೆಲೆಯೂರುವುದು ಲಂಟಾನ, ಯುಪಟೋರಿಯಂ, ಹೊರಗಿನ ಹುಲ್ಲು.

ಹೇಏಯಾದ ಗದ್ದೆಗಳು

ಒವಾಹು ದ್ವೀಪದಲ್ಲಿ ಕೋಓಲಾವು ಬೆಟ್ಟಸಾಲಿನ ಕೆಳಗೆ, ಕಡಲಿನ ಅಂಚಿನಲ್ಲಿ ಹೇಏಯಾ ಎಂಬ ಜೌಗು ಬಯಲಿದೆ. ಒಂದು ಕಾಲಕ್ಕೆ ಅದು ಪೂರ್ತಿ ಕೆಸುವಿನ ಗದ್ದೆ. ಅನಂತರ ಭತ್ತದ ಗದ್ದೆಯಾಯಿತು, ದನಗಳ ಮೇವಿನ ನೆಲವಾಯಿತು, ಕೊನೆಗೆ ಬೀಳುಬಿತ್ತು. ಅದನ್ನು ಮುಚ್ಚಿಕೊಂಡ ಹುಲ್ಲು ನಮ್ಮ ಹೈನುಗಾರರಿಗೆ ಚಿರಪರಿಚಿತವಾದ ಪ್ಯಾರಾ ಹುಲ್ಲು. ಹೊಳೆಯ ಬಾಯಿಯನ್ನು ಕಾಂಡ್ಲಾ ಗಿಡಗಳು ಕಟ್ಟಿದವು. ಕಾಂಡ್ಲಾ ನಮ್ಮ ಕರಾವಳಿಗೆ ರಕ್ಷಣೆ. ಹವಾಯಿಯಲ್ಲಿ ಮೂಲತಃ ಕಾಂಡ್ಲಾ ಇರಲೇ ಇಲ್ಲ; ಕೊಚ್ಚಿಹೋಗುವ ಮಣ್ಣನ್ನು ತಡೆಯಲೆಂದು 1902ರಲ್ಲಿ ತಂದು ನೆಟ್ಟರು, ಅದು ಹಬ್ಬಿತು.

2010ರಲ್ಲಿ ಕಾಕೋಓ ಓಇವಿ ಎಂಬ ಸ್ಥಳೀಯ ಸಂಸ್ಥೆ ಈ ಬಯಲಿನ ಸುಮಾರು 400 ಎಕರೆಯನ್ನು ಸರಕಾರಿ ಪ್ರಾಧಿಕಾರದಿಂದ 38 ವರ್ಷಗಳ ಗೇಣಿಗೆ ಪಡೆಯಿತು. ಹುಲ್ಲನ್ನು ಕಿತ್ತು, ಅಂಚು ಕಟ್ಟಿ, ನೀರು ತಿರುಗಿಸಿ, ಗದ್ದೆಗಳನ್ನು ಒಂದೊಂದಾಗಿ ಎಬ್ಬಿಸತೊಡಗಿತು. ಕೆಸುವಿನ ಗದ್ದೆಯಲ್ಲಿ ಹೊಳೆಯ ನೀರು ನಿಧಾನವಾಗಿ, ಹೂಳು ಅಲ್ಲೇ ಇಳಿದು, ತಿಳಿನೀರು ಕಡಲಿಗೆ ಸೇರುತ್ತದೆ. ಕೆಳಗಡೆ 88 ಎಕರೆಯ ಪುರಾತನ ಮೀನುಕೊಳವಿದೆ. ಕಲ್ಲಿನ ಕಟ್ಟೆ ಕಟ್ಟಿ ಕಡಲಿನ ಉಬ್ಬರದಲ್ಲಿ ಮೀನು ಸಾಕುತ್ತಿದ್ದ ಆ ಕೊಳವನ್ನು 2001ರಲ್ಲಿ ಸ್ಥಾಪಿತವಾದ ಪೈಪೈ ಓ ಹೇಏಯಾ ಎಂಬ ಇನ್ನೊಂದು ಸಂಸ್ಥೆ ದುರಸ್ತಿ ಮಾಡುತ್ತಾ ಬಂದಿದೆ. ಮೇಲಿನ ಗದ್ದೆ ಸರಿಯಾದರೆ ಕೆಳಗಿನ ಕೊಳಕ್ಕೆ ಹೂಳು ಬರುವುದಿಲ್ಲ. 2017ರಲ್ಲಿ ಈ ಇಡೀ ಪ್ರದೇಶವನ್ನು ಅಮೆರಿಕದ ರಾಷ್ಟ್ರೀಯ ಅಳಿವೆ ಸಂಶೋಧನ ತಾಣಗಳ ಸಾಲಿಗೆ ಸೇರಿಸಲಾಯಿತು.

ಇಲ್ಲಿ ಗಮನಿಸಬೇಕಾದುದು ಕೆಲಸ ಮಾಡುವ ಕ್ರಮ. ಊರವರು, ಶಾಲಾ ಮಕ್ಕಳು ಗದ್ದೆಗಿಳಿದು ಕೆಸರು ತುಳಿಯುತ್ತಾರೆ. ಆ ಹೊಳೆಯ ಹೆಸರು, ಗಾಳಿಯ ಹೆಸರು, ಮಳೆಯ ಹೆಸರು, ಕೆಸುವಿನ ತಳಿಗಳ ಹೆಸರುಗಳನ್ನು ಕಲಿಯುತ್ತಾರೆ. ಗಿಡ ನೆಡುವುದು ಒಂದು ಇಲಾಖೆಯ ಕೆಲಸ, ಸಂಸ್ಕೃತಿಯನ್ನು ಕಲಿಸುವುದು ಇನ್ನೊಂದು ಇಲಾಖೆಯ ಕೆಲಸ ಎಂಬ ವಿಂಗಡಣೆ ಅಲ್ಲಿಲ್ಲ.

ಇದು ಒಮ್ಮೆಲೇ ಆದದ್ದಲ್ಲ. 1980ರ ದಶಕದ ಆರಂಭದಲ್ಲಿ ಹವಾಯಿ ನುಡಿಯನ್ನು ಮನೆಮಾತಾಗಿ ಆಡುವ ಮಕ್ಕಳ ಸಂಖ್ಯೆ ಐವತ್ತಕ್ಕಿಂತ ಕೆಳಗಿಳಿದಿತ್ತು. 1984ರಲ್ಲಿ ಕೆಲವು ಹೆತ್ತವರು, ಶಿಕ್ಷಕರು ಸೇರಿ 'ಪೂನಾನ ಲೇಓ', ಎಂದರೆ ಮಾತಿನ ಗೂಡು ಎಂಬ ಶಿಶುವಿಹಾರವನ್ನು ಆರಂಭಿಸಿದರು. 1986ರಲ್ಲಿ ಹಳೆಯ ಕಾನೂನು ಬದಲಾಯಿತು. ಮರುವರ್ಷವೇ ಸರಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮದ ತರಗತಿಗಳು ತೆರೆದವು. ಗದ್ದೆಗಳನ್ನು ಎಬ್ಬಿಸುವ ಮೊದಲೇ ನುಡಿಯನ್ನು ಎಬ್ಬಿಸುವ ಕೆಲಸ ಆರಂಭವಾಗಿತ್ತು ಎಂಬುದು ಮುಖ್ಯ.

ನಾಡಗಿಡ ಎಂದರೆ ಯಾವುದು?

ಪಟ್ಟಿ ಬರೆಯಲು ಕುಳಿತಾಗ ನನ್ನನ್ನು ಕಾಡಿದ ಪ್ರಶ್ನೆ ಇದು. ಹವಾಯಿಯ ಕಾಡಿನ ಹೆಮ್ಮೆಯ ಮರಗಳಲ್ಲಿ ಕೋಆ ಒಂದು. ಅದು ಅಕೇಶಿಯಾ ಕುಲಕ್ಕೆ ಸೇರಿದ್ದು. ಅಕೇಶಿಯಾ ಎಂದೊಡನೆ ಸಿಟ್ಟಾಗುವ ನಾವು, ನಮ್ಮ ಬೇಣಗಳನ್ನು ಆವರಿಸಿರುವುದು ಆಸ್ಟ್ರೇಲಿಯಾ ಕಡೆಯಿಂದ ಬಂದ ಬೇರೊಂದು ಜಾತಿ ಎಂಬುದನ್ನು ನೆನಪಿಡಬೇಕು. ಇತ್ತ, ನಮ್ಮ ನೇರಳೆ ಹವಾಯಿಯಲ್ಲಿ ಕಾಡನ್ನು ಕೆಡಿಸುವ ಕಳೆ. ನಮ್ಮ ಚುಕ್ಕೆಜಿಂಕೆಯನ್ನು 1860ರ ದಶಕದಲ್ಲಿ ಅಲ್ಲಿನ ದೊರೆಗೆ ಕಾಣಿಕೆಯಾಗಿ ಕಳುಹಿಸಲಾಯಿತು. ಹುಲಿ, ಸೀಳುನಾಯಿಗಳಿಲ್ಲದ ಆ ದ್ವೀಪಗಳಲ್ಲಿ ಅದು ಎಳೆಯ ಸಸಿಗಳನ್ನೆಲ್ಲ ಮೇಯ್ದು ಕಾಡಿಗೆ ಶತ್ರುವಾಗಿದೆ. ಕಬ್ಬಿನ ಹೊಲದ ಇಲಿ ಹಿಡಿಯಲೆಂದು 1883ರಲ್ಲಿ ನಮ್ಮ ಮುಂಗುಸಿಯ ಸಂತತಿಯನ್ನು ತರಿಸಿದರು. ಇಲಿ ರಾತ್ರಿ ತಿರುಗುವ ಪ್ರಾಣಿ, ಮುಂಗುಸಿ ಹಗಲು ತಿರುಗುವ ಪ್ರಾಣಿ. ಮುಂಗುಸಿ ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳ ಮೊಟ್ಟೆಗೆ ಕೈಹಾಕಿತು. ಯಾವ ಜೀವಿಯೂ ಹುಟ್ಟಿನಿಂದ ಕೆಟ್ಟದ್ದಲ್ಲ. ಸಂಬಂಧ ತಪ್ಪಿದ ಜಾಗದಲ್ಲಿ ಅದು ಹಾವಳಿಯಾಗುತ್ತದೆ.

ಹಾಗೆ ನೋಡಿದರೆ ಕೆಸುವೂ ಹವಾಯಿಗೆ ಹೊರಗಿನದೇ. ಆದರೆ ನೂರಾರು ವರ್ಷಗಳ ಕಾಲ ಅದನ್ನು ಸಾಕಿ, ತಳಿ ಆರಿಸಿ, ಹೆಸರಿಟ್ಟು, ಹಾಡು ಕಟ್ಟಿ ಜನ ಅದನ್ನು ನೆಂಟನನ್ನಾಗಿ ಮಾಡಿಕೊಂಡರು. ಆದ್ದರಿಂದ ಅವರು ಬೆಟ್ಟದ ಮೇಲೆ ಕೋಆದಂತಹ ಮೂಲಸಸ್ಯಗಳನ್ನೂ, ಬಯಲಿನಲ್ಲಿ ಕೆಸುವನ್ನೂ ನೆಡುತ್ತಾರೆ. ನಾಡಗಿಡ ಎಂಬುದನ್ನು ನಿರ್ಧರಿಸಲು ಸಸ್ಯಶಾಸ್ತ್ರದ ಜೊತೆಗೆ ಆ ನೆಲದ ಜನರ ನೆನಪೂ ಬೇಕು.

ಈ ನೆನಪಿನ ಮುಂದೆ ನನ್ನ ವೃತ್ತಿಯವರು ಒಮ್ಮೆ ತಲೆಬಾಗಬೇಕಾಯಿತು. 2002ರಲ್ಲಿ ಹವಾಯಿ ವಿಶ್ವವಿದ್ಯಾಲಯ ತಾನು ಅಭಿವೃದ್ಧಿಪಡಿಸಿದ ಮೂರು ಕೆಸುವಿನ ತಳಿಗಳಿಗೆ ಪೇಟೆಂಟ್ ಪಡೆಯಿತು. ರೋಗನಿರೋಧಕ ತಳಿಗಳವು, ವಿಜ್ಞಾನಿಗಳ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಅಣ್ಣನ ಮೇಲೆ ಒಡೆತನ ಸ್ಥಾಪಿಸಲು ಬರುವುದಿಲ್ಲವೆಂದು ಮೂಲನಿವಾಸಿಗಳು, ರೈತರು ಪ್ರತಿಭಟಿಸಿದರು. 2006ರಲ್ಲಿ ವಿಶ್ವವಿದ್ಯಾಲಯ ಆ ಪೇಟೆಂಟುಗಳನ್ನು ಕೈಬಿಟ್ಟಿತು. ತಿಳಿದವರನ್ನು ಮೊದಲು ಕೇಳದೆ ಮಾಡಿದ ಕೆಲಸ ಎಷ್ಟೇ ಒಳ್ಳೆಯದಾಗಿದ್ದರೂ ನಿಲ್ಲುವುದಿಲ್ಲ. ನನ್ನ ಸತ್ತ ಸಸಿಗಳೂ ಇದನ್ನೇ ಹೇಳಿದ್ದವು.

ನಮ್ಮ ನೆಲದಲ್ಲಿ

ಈಗ ನಮ್ಮ ಗದ್ದೆಗೆ ಬರೋಣ. ಮಲೆನಾಡಿನ ಕಣಿವೆಗಳ ತಳದಲ್ಲಿರುವ ಕೆಲವು ಗದ್ದೆ, ತೋಟಗಳು ಒಂದು ಕಾಲಕ್ಕೆ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡಾಗಿದ್ದವು. ವರ್ಷವಿಡೀ ನೀರು ಜಿನುಗುವ, ಮೊಣಕಾಲಿನಂತೆ ಮೇಲೆದ್ದ ಬೇರುಗಳ ಆ ಕಾಡಿನ ಚೂರುಗಳು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇಂದಿಗೂ ಇವೆ. ಒರತೆ ಇರುವ ಗದ್ದೆಯನ್ನು ಬೀಳುಬಿಟ್ಟಾಗ ಅಲ್ಲಿ ಏನಿತ್ತೆಂದು ಕೇಳದೆ ಒಣನೆಲದ ಮರಗಳನ್ನು ನೆಟ್ಟರೆ ನನಗಾದ ಗತಿಯೇ ಆಗುತ್ತದೆ. ಪಟ್ಟಿ ನರ್ಸರಿಯಿಂದಲ್ಲ, ನೆಲದಿಂದ ಬರಬೇಕು. ನೆಲವನ್ನು ಓದಬಲ್ಲವರು ಯಾರೆಂಬುದೇ ಪ್ರಶ್ನೆ.

ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ಇಬ್ಬರು ತಾಯಂದಿರನ್ನು ಇಲ್ಲಿ ನೆನೆಯುತ್ತೇನೆ. ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಆರಂಭಿಸಿ, ಯಾವ ತಾಯಿಮರದಿಂದ ಯಾವ ಹೊತ್ತಿನಲ್ಲಿ ಬೀಜ ಆರಿಸಬೇಕು ಎಂಬ ವಿಷಯದಲ್ಲಿ ಅಧಿಕಾರಿಗಳಿಗೇ ಗುರುವಾದವರು. ಸುಕ್ರಿ ಬೊಮ್ಮಗೌಡ ಅವರು ಹಾಲಕ್ಕಿಗಳ ಹಾಡುಗಳ ಕಣಜವಾಗಿದ್ದವರು. ಸುಕ್ರಜ್ಜಿಗೆ 2017ರ, ತುಳಸಜ್ಜಿಗೆ 2020ರ ಪದ್ಮಶ್ರೀ ಸಂದಿತು. ತುಳಸಜ್ಜಿ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ, ಎರಡೇ ತಿಂಗಳ ಅಂತರದಲ್ಲಿ ನಮ್ಮನ್ನು ಅಗಲಿದರು. ಒಬ್ಬರಲ್ಲಿ ಬೀಜದ ಅರಿವು, ಇನ್ನೊಬ್ಬರಲ್ಲಿ ಹಾಡಿನ ಅರಿವು. ಎರಡೂ ಒಂದೇ ಸಮುದಾಯದ, ಒಂದೇ ತಲೆಮಾರಿನ ಸೊತ್ತು. ನಾವು ಪ್ರಶಸ್ತಿ ಕೊಟ್ಟೆವು, ಫೋಟೋ ತೆಗೆದೆವು. ಅವರಂತಹವರನ್ನು ಶಿಕ್ಷಕರ ಕುರ್ಚಿಯಲ್ಲಿ ಎಷ್ಟು ಶಾಲೆಗಳಲ್ಲಿ ಕೂರಿಸಿದೆವು?

ಹವಾಯಿಯನ್ನು ನಾವು ಹಾಗೆಯೇ ನಕಲು ಮಾಡಲು ಬರುವುದಿಲ್ಲ. ಅಲ್ಲಿನ ಮೂಲನಿವಾಸಿಗಳು ನೆಲವನ್ನು ಕಳೆದುಕೊಂಡು ಈಗ ತುಸು ತುಸುವಾಗಿ ಮರಳಿ ಪಡೆಯುತ್ತಿದ್ದಾರೆ. ನಮ್ಮಲ್ಲಿ ಗದ್ದೆಯ ಬಗ್ಗೆ ಹೆಚ್ಚು ತಿಳಿದಿದ್ದ ಎಷ್ಟೋ ಜನಕ್ಕೆ ಆ ಗದ್ದೆಯ ಮೇಲೆ ಯಾವ ಕಾಲಕ್ಕೂ ಹಕ್ಕೇ ಇರಲಿಲ್ಲ. ನಾನು ಪಹಣಿಯಲ್ಲಿ ಹೆಸರಿರುವ ಮನೆಯವನು. ನನಗೆ ತಿಳಿಹೇಳಿದ ಹಿರಿಯಮ್ಮ ಕೂಲಿಯವರು. ಅವರ ಅರಿವನ್ನು 'ಪಾರಂಪರಿಕ ಜ್ಞಾನ' ಎಂದು ಹೊಗಳಿ ಬರೆದುಕೊಂಡು, ಅವರನ್ನು ಕೇರಿಯಲ್ಲೇ ಬಿಟ್ಟುಬಂದರೆ ಅದು ಇನ್ನೊಂದು ಬಗೆಯ ಸುಲಿಗೆ. 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿಗಳ ವಿಷಯದಲ್ಲಿ ಸುಮ್ಮನಿರುವ ಬಳಗ, ಅದೇ ಜನರ ಹಾಡು ಮತ್ತು ಗಿಡಮೂಲಿಕೆಗಳ ಬಗ್ಗೆ ಶಿಬಿರ ನಡೆಸಲು ಹೊರಟರೆ ಅದಕ್ಕೆ ನೈತಿಕ ಬಲವಿರುವುದಿಲ್ಲ.

ಆದ್ದರಿಂದ ಪಟ್ಟಿಯ ಬದಲು ನಾಲ್ಕು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ.

ಒಂದು: ಈ ಮಳೆಗಾಲ ಏನನ್ನೂ ನೆಡುವುದು ಬೇಡ. ಲಂಟಾನ, ಯುಪಟೋರಿಯಂಗಳನ್ನು ಹೂ ಬಿಡುವ ಮೊದಲೇ ಕಿತ್ತು ಹಾಕೋಣ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಸರುತ್ತದೆ, ತಾನಾಗಿ ಏನು ಮೊಳೆಯುತ್ತದೆ ಎಂಬುದನ್ನು ಮಕ್ಕಳು ವಾರಕ್ಕೊಮ್ಮೆ ನೋಡಿ ಬರೆದಿಡಲಿ.

ಎರಡು: ಆ ಗದ್ದೆಯಲ್ಲಿ ದುಡಿದವರನ್ನು ಬಳಗ ಶಿಕ್ಷಕರೆಂದು ಆಹ್ವಾನಿಸಲಿ. ಇಂದು ನನಗೆ ಕೊಡಲಿರುವ ಗೌರವಧನದಷ್ಟನ್ನೇ ಅವರಿಗೂ ಕೊಡಲಿ. ಅವರ ದಿನದ ಕೂಲಿ ತಪ್ಪಬಾರದು.

ಮೂರು: ಪ್ರತಿ ಗಿಡಕ್ಕೂ ಅವರ ಮನೆಯ ಮಾತಿನಲ್ಲಿರುವ ಹೆಸರು ಮೊದಲು, ಕನ್ನಡದ ರೂಢಿಯ ಹೆಸರು ಆಮೇಲೆ, ಸಸ್ಯಶಾಸ್ತ್ರದ ಹೆಸರು ಕೊನೆಗೆ. ಹೇಳಿದವರ ಹೆಸರನ್ನೂ, ಅವರ ಒಪ್ಪಿಗೆಯಿದ್ದರೆ, ದಾಖಲಿಸಬೇಕು. ಹೇಳಬಾರದೆಂದು ಅವರು ಭಾವಿಸುವ ಮದ್ದಿನ ಗುಟ್ಟುಗಳನ್ನು ಕೆದಕಬಾರದು.

ನಾಲ್ಕು: ಬೇಲಿ ಹಾಕಿ ಬೀಗ ಹಾಕುವುದು ಬೇಡ. ಕೆಸು, ಒಂದೆಲಗ, ಮುರುಗಲು, ಚಾಪೆಗೆ ಮುಂಡಿಗೆಯ ಎಲೆ, ಇವನ್ನು ಕೇರಿಯವರು ಕೊಯ್ದು ಒಯ್ಯುವಂತಿರಬೇಕು. ಬಳಸುವ ಕೈ ಇದ್ದಾಗಲೇ ಗಿಡಕ್ಕೆ ಕಾವಲು. ಬಳಕೆ ತಪ್ಪಿದ ಗಿಡದ ಹೆಸರು ಒಂದು ತಲೆಮಾರಿನೊಳಗೆ ಅಳಿಯುತ್ತದೆ. ಹೆಸರು ಅಳಿದ ಗಿಡವನ್ನು ಕಡಿಯುವಾಗ ಯಾರೂ ತಡೆಯುವುದಿಲ್ಲ.

ಕೊನೆಯದಾಗಿ ಒಂದು ಮಾತು. ಬಳಗಕ್ಕೆ ಸಿಗಲಿರುವ ಆ ಎರಡು ಎಕರೆಯಲ್ಲಿ ನಟ್ಟಿ ಮಾಡಿದ ಮೂವರು ಹಿರಿಯ ಹೆಂಗಸರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಗಳು ಈ ಸಭಾಭವನದಿಂದ ಅರ್ಧ ಮೈಲಿಯ ಒಳಗಿವೆ. ಇಂದಿನ ಸಭೆಯಲ್ಲಿ ಅವರಿಲ್ಲ. ನಾವು ಕರೆದಿಲ್ಲ, ಇಷ್ಟೆಲ್ಲ ಮಾತನಾಡಿದ ನಾನೂ ಕರೆಯಲಿಲ್ಲ. ಒಬ್ಬರಿಗೆ ಎಂಬತ್ತು ದಾಟಿದೆ. ಮಳೆ ಹಿಡಿಯಲು ಇನ್ನು ಎರಡು ವಾರಗಳಿವೆ. ನಾಳೆ ಬೆಳಗ್ಗೆ ನಾನು ಆ ಕೇರಿಗೆ ಹೋಗುವವನಿದ್ದೇನೆ. ಕಾರ್ಯದರ್ಶಿಗಳೂ ಶಾಲೆಯ ಮಕ್ಕಳಲ್ಲಿ ನಾಲ್ಕಾರು ಜನರೂ ಜೊತೆಗೆ ಬಂದರೆ ಸಂತೋಷ. ಅವರನ್ನು ಗದ್ದೆಗೆ ಕರೆದುಕೊಂಡು ಹೋಗೋಣ. ಪಟ್ಟಿಯನ್ನು ಅವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ.